ಹೇಳಿದ ಮಾತು ಕೇಳದವಳು

ಒಂದು ಊರಿನಲ್ಲಿ ಎಚ್ಚರವನ್ನು ಅಳೆಯುವ ಅಧಿಕಾರಿಯೊಬ್ಬರಿದ್ದರು. ಜನ ಅವರನ್ನು ಪರೀಕ್ಷಕರು ಎನ್ನುತ್ತಿದ್ದರು. ಕಾಯಿಲೆ ಬಿದ್ದು, ಕಣ್ಣು ತೆರೆದಿದ್ದರೂ ಮಾತಿಲ್ಲದೆ ಮಲಗಿದವರ ಮನೆಗೆ ಅವರು ಮೂರು ಸಲ ಬರುತ್ತಿದ್ದರು. "ಕೈ ಎತ್ತು, ಬಾಯಿ ತೆರೆ, ಬಾಯಿ ಮುಚ್ಚು" ಎನ್ನುತ್ತಿದ್ದರು. ಒಂದನ್ನಾದರೂ ಮಾಡಿದವರು ಒಳಗೆ ಇದ್ದಾರೆಂದು ಅರ್ಥ. ಮಾಡದವರನ್ನು ಮಂಚ ಸಮೇತ ಹೊಳೆಯಾಚೆಯ ಕೊಟ್ಟಿಗೆಗೆ ಸಾಗಿಸುತ್ತಿದ್ದರು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಪರೀಕ್ಷಕರು ಕೆಟ್ಟವರೇನಲ್ಲ, ಪಾಪ. ತಮ್ಮ ನಿಯಮದ ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ದೇವೀರಮ್ಮ ಹಾಗೆ ಮಲಗಿ ಐದು ತಿಂಗಳಾಗಿತ್ತು. ಊರಿಗೆಲ್ಲ ಮೆಚ್ಚಿನ ಹೆಂಗಸು. ಯಾಕೆಂದರೆ ಎಂದೂ ಎದುರು ಮಾತಾಡಿದವಳಲ್ಲ. ಗಂಡ ಮರಿಯಪ್ಪ ಕೂತ್ಕೋ ಎಂದರೆ ಕೂರುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು. ನಿನಗೇನು ಬೇಕು ಎಂದು ಅವಳನ್ನು ಕೇಳುವ ಪ್ರಮೇಯವೇ ಆ ಮನೆಯಲ್ಲಿ ಬಂದಿರಲಿಲ್ಲ. ಎರಡು ಪರೀಕ್ಷೆಗಳಲ್ಲಿ ಅವಳು ಬೆರಳೂ ಅಲುಗಿಸಲಿಲ್ಲ. ಉಳಿದದ್ದು ಒಂದೇ.

ಆ ಬೆಳಿಗ್ಗೆ ಮನೆಯಲ್ಲಿ ಬೆಲ್ಲ ಮುಗಿದಿತ್ತು. ಮರಿಯಪ್ಪ ಹೆಂಡತಿಯ ರಾಗಿ ಗಂಜಿಗೆ ಉಪ್ಪು ಮಜ್ಜಿಗೆ ಬೆರೆಸಿದ. ದಿನಾ ಬೆಲ್ಲದ ಗಂಜಿ ಅರ್ಧ ತುಟಿಯಿಂದ ಹೊರಗೆ ಇಳಿದು ಹೋಗುತ್ತಿತ್ತು. ಇವತ್ತು ಬಟ್ಟಲು ಖಾಲಿ! ಪಕ್ಕದ ಮನೆಯ ಗಂಗಕ್ಕನಿಂದ ಬೆಲ್ಲ ತಂದು ಇನ್ನೊಂದು ಬಟ್ಟಲು ಕಲೆಸಿದ. ಬೆಲ್ಲದ ಚಮಚಕ್ಕೆ ತುಟಿ ಬಿಗಿಯಿತು. ಮಜ್ಜಿಗೆಯದಕ್ಕೆ ತೆರೆಯಿತು. ಹಿಂದುಮುಂದು ಮಾಡಿ ಆರು ಸಲ ನೋಡಿದ, ಆರೂ ಸಲ ಹಾಗೆಯೇ.

"ಅಯ್ಯೋ, ನಿನಗೆ ಬೆಲ್ಲ ಸೇರಲ್ವೇನೇ? ನಲವತ್ತು ವರ್ಷ ನಂಗಿಷ್ಟ ಅಂತ ಅದನ್ನೇ ಕುಡಿದ್ಯಲ್ಲೇ!" ಎಂದು ಅವಳ ಕೆನ್ನೆ ಹಿಡಿದು ಅತ್ತ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಪರೀಕ್ಷಕರು ಮಂಚ ಹೊರುವ ನಾಲ್ವರೊಂದಿಗೆ ಬಂದರು. ಮರಿಯಪ್ಪ ಎರಡೂ ಬಟ್ಟಲು ತೋರಿಸಿದ. ಅವರು ಬೆಲ್ಲದ ಚಮಚ ಹಿಡಿದು "ಬಾಯಿ ತೆರೆ" ಎಂದರು. ದೇವೀರಮ್ಮನ ತುಟಿ ಬಿಗಿಯಿತು. ಮಜ್ಜಿಗೆಯ ಚಮಚ ಹಿಡಿದರು. ಪುಸ್ತಕದಲ್ಲಿ ಮುಂದಿನ ಸಾಲು "ಬಾಯಿ ಮುಚ್ಚು" ಎಂದಿತ್ತು, ಹಾಗೆಯೇ ಹೇಳಿದರು. ತುಟಿ ತೆರೆಯಿತು.

"ಎರಡನ್ನೂ ಪಾಲಿಸಲಿಲ್ಲ. ಒಳಗೆ ಯಾರೂ ಇಲ್ಲ."

"ಬೇಡ ಅಂತಿದ್ದಾಳೆ ಸ್ವಾಮಿ! ಬೇಡ ಅನ್ನೋಕೆ ಒಳಗೆ ಒಬ್ಬರು ಇರಬೇಕಲ್ವಾ?"

"ಬೇಡ ಅನ್ನುವುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ನೀನು ಮಂಚ ಬಿಟ್ಟು ಈಚೆ ಬಾ."

ಮರಿಯಪ್ಪ ಹೆಂಡತಿಯ ಕೈ ಹಿಡಿದುಕೊಂಡು ಅಲ್ಲೇ ಕೂತ. ಮೂರು ಸಲ ಹೇಳಿದರೂ ಏಳಲಿಲ್ಲ. ಪರೀಕ್ಷಕರು ಪ್ರಾಮಾಣಿಕರು, ಕಾನೂನು ಎಲ್ಲರಿಗೂ ಒಂದೇ. ಪುಸ್ತಕದ ಎಚ್ಚರವಿಲ್ಲದವರ ಪಟ್ಟಿಯಲ್ಲಿ ದೇವೀರಮ್ಮನ ಹೆಸರಿನ ಕೆಳಗೆ ಮರಿಯಪ್ಪನ ಹೆಸರನ್ನೂ ಬರೆದರು.

"ಎತ್ರಪ್ಪ" ಎಂದರು ಹೊರುವವರಿಗೆ. ಅವರಲ್ಲಿ ಹಿರಿಯನಾದವನು ಆ ತುಟಿಗಳನ್ನು ಕಣ್ಣಾರೆ ನೋಡಿದ್ದ. ಹೆಗಲ ವಸ್ತ್ರ ಹಾಸಿ ನೆಲದ ಮೇಲೆ ಕೂತುಬಿಟ್ಟ. ಉಳಿದ ಮೂವರೂ ಕೂತರು. ಪರೀಕ್ಷಕರು ನಾಲ್ಕು ಹೆಸರು ಬರೆದರು. ಬೇರೆಯವರನ್ನು ಕರೆತರಲು ಹೊರಟರೆ ಹೊಸ್ತಿಲಲ್ಲಿ ಗಂಗಕ್ಕ ಕೂತಿದ್ದಳು, ಅವಳ ಹಿಂದೆ ಓಣಿಯ ತುಂಬ ಜನ. "ದಾರಿ ಬಿಡಿ" ಎಂದರು. ಯಾರೂ ಬಿಡಲಿಲ್ಲ. ಅವರು ಬರೆಯುತ್ತಲೇ ಹೋದರು.

ಸಂಜೆಯ ಹೊತ್ತಿಗೆ, ಪುಸ್ತಕದ ಪ್ರಕಾರ, ಆ ಊರಿನಲ್ಲಿ ಎಚ್ಚರವಿದ್ದವರು ಪರೀಕ್ಷಕರೊಬ್ಬರೇ. ಅವರು ಮಂಚದ ಒಂದು ಕಾಲು ಹಿಡಿದು ಎತ್ತಿ ನೋಡಿದರು. ಒಬ್ಬರ ಕೈಲಿ ಏಳುವಂಥ ಮಂಚ ಅದಾಗಿರಲಿಲ್ಲ.