ಚಮಚದಲ್ಲಿ ಕರಗಿದ ಮಾತ್ರೆ

ಹಾಸನದ ಮಕ್ಕಳ ಡಾಕ್ಟರು ಧನ್ಯಾಳ ರಕ್ತ ಪರೀಕ್ಷೆಗೆ ಬರೆದುಕೊಟ್ಟ ದಿನದಿಂದ ಸ್ನೇಹಲತಾಳ ಮನಸ್ಸು ಯಾವ ತಾಯಿಯೂ ಬಾಯಿಬಿಟ್ಟು ಹೇಳಲಾರದ ಆಸೆಯೊಂದಕ್ಕೆ ಅಂಟಿಕೊಂಡಿತ್ತು: ಮಗಳ ಮೈಯಲ್ಲಿ ಏನಾದರೊಂದು ಕೊರತೆ ಇರಲಿ. ಕೊರತೆಯಾದರೆ ತುಂಬಬಹುದು. ಅದೂ ಇಲ್ಲವೆಂದರೆ, ಏಳು ವರ್ಷದ ಈ ಹುಡುಗಿ ಒಂದು ಲೆಕ್ಕ ಮುಗಿಸುವಷ್ಟರಲ್ಲಿ ನಾಲ್ಕು ಸಲ ಬೆಂಚು ಬಿಟ್ಟೇಳುವುದಕ್ಕೆ, ಮೊನ್ನೆ ಚಿಟ್ಟೆಯ ಹಿಂದೆ ಓಡಿ ಅರಕಲಗೂಡಿನ ಬಸ್ಸಿಗೆ ಅಡ್ಡ ನಿಂತುಬಿಟ್ಟದ್ದಕ್ಕೆ ಏನು ಮದ್ದು?

ಡಾಕ್ಟರು ಬಿಡಿಸಿಯೇ ಹೇಳಿದ್ದರು. "ಗಮನ ನಿಲ್ಲದಿರೋಕೆ ಕಾರಣ ಹಲವಾರು ಇರ್ತವಮ್ಮ. ಕಬ್ಬಿಣ, ಜಿಂಕು ಕಮ್ಮಿ ಇದ್ರೆ ಮೊದಲು ಅದನ್ನ ಸರಿಮಾಡೋಣ. ಅದೊಂದರಿಂದ್ಲೇ ಎಲ್ಲಾ ಸರಿಹೋಗುತ್ತೆ ಅಂತ ನಂಬ್ಕೊಬೇಡಿ. ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ. ಮಾತ್ರೆ, ಟಾನಿಕ್ಕು ಏನೂ ಬೇಡ."

ಸ್ನೇಹಲತಾಳ ಕಿವಿಯಲ್ಲಿ ಉಳಿದದ್ದು 'ಸರಿಮಾಡೋಣ' ಎಂಬ ಒಂದೇ ಮಾತು.

ಅತ್ತೆ ಸುಬ್ಬಮ್ಮನಿಗೆ ಮಾತ್ರ ಆ ಚೀಟಿ ತಮ್ಮ ಅಡುಗೆಮನೆಯ ಮೇಲೆ ಹೊರಿಸಿದ ಆರೋಪದಂತೆ ಕಂಡಿತು. "ನಮ್ಮನೇಲಿ ಏನಮ್ಮೀ ಕಮ್ಮಿ? ಹಾಲಿಲ್ವಾ, ಮೊಟ್ಟೆ ಇಲ್ವಾ? ಮಗೀಗೆ ಸರ್ಯಾಗಿ ಇಕ್ಕಿಲ್ಲ ಅಂತ ಬರ್ದುಬುಟ್ರೆ, ನಮ್ಮೊಲದ ಒಗೆಸೊಪ್ಪು ಪೋಣ್ಸೋಕೆ ಬರೋ ಎಂಗಸ್ರು ಸುಮ್ನಿದ್ದಾರಾ?"

ಪರೀಕ್ಷೆಯ ಬೆಳಗ್ಗೆ ಬಸ್ಸು ಗೊರೂರು ದಾಟುವಷ್ಟರಲ್ಲಿ ಧನ್ಯಾ ತಾಯಿಯ ಸೆರಗಿಗೇ ವಾಂತಿ ಮಾಡಿಕೊಂಡಳು. ಹಸಿದ ಹೊಟ್ಟೆ, ತಿರುವಿನ ದಾರಿ ಎಂದುಕೊಂಡು ಸ್ನೇಹಲತಾ ಒರೆಸಿದಳು.

ಐದನೆಯ ದಿನ ವರದಿ ಫೋನಿಗೆ ಬಂತು. ಕಬ್ಬಿಣವೂ ಜಿಂಕೂ ಇರಬೇಕಾದಷ್ಟು ಇದ್ದವು. ಸ್ನೇಹಲತಾ ಜಗಲಿಯ ಮೇಲೆ ಕುಳಿತು ವರದಿಯನ್ನು ಮತ್ತೊಮ್ಮೆ ಓದಿದಳು. ಹಿಡಿದುಕೊಳ್ಳಲು ಇದ್ದ ಒಂದು ಹಗ್ಗವೂ ಕೈಜಾರಿತ್ತು.

ಸುಬ್ಬಮ್ಮನ ಮುಖ ಮಾತ್ರ ಊರಗಲವಾಯಿತು. "ನಾನೇಳ್ಲಿಲ್ವಾ? ನಮ್ಮ ಕೂಸು ಪಾಸು ಕಣಮ್ಮೀ!"

ಒಂದೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ಕುಂಟುತ್ತಿದ್ದ ಧನ್ಯಾ ಕೂಗಿದಳು: "ಅಜ್ಜಿ ಚಮಚದಲ್ಲಿ ಮಾತ್ರೆ ಕರಗ್ಸಿ ಕೊಡ್ತಲ್ಲಾ, ಅದ್ಕೇ ಪಾಸಾಗಿದ್ದು!"

ಸ್ನೇಹಲತಾ ತಲೆಯೆತ್ತಿದಳು. "ಯಾವ ಮಾತ್ರೆ ಅತ್ತೆ?"

ಸುಬ್ಬಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹೋದ ಮಳೆಗಾಲದಲ್ಲಿ ಧನ್ಯಾಳಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಭಾನುಪ್ರಿಯಾ ಕೊಟ್ಟಿದ್ದ ಜಿಂಕ್ ಮಾತ್ರೆಗಳು ಸಾಸಿವೆ ಡಬ್ಬಿಯ ಹಿಂದೆ ಉಳಿದಿದ್ದವು. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ದಿನಕ್ಕೊಂದು. ಆ ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು.

"ಇಸ್ಕೂಲ್ ಪರೀಕ್ಸೆಗೆ ಓದುಸ್ಕೊಂಡು ಓಗಕಿಲ್ವಾ, ಅಂಗೇ ಅಂದ್ಕಂಡೆ" ಎಂದರು ಸುಬ್ಬಮ್ಮ.

"ಅತ್ತೆ, ಅವ್ರು ಪರೀಕ್ಷೆ ಮಾಡಿದ್ದು ಮನೇನಲ್ಲ, ಮಗೂನ. ಈಗ ಅವಳ ಮೈಯಲ್ಲಿ ಏನಿದೆ, ಏನಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ನಂಗೂ ಇಲ್ಲ." ಬೈಯಬೇಕೆಂದು ಎತ್ತಿದ ದನಿ ಅಳುವಾಗಿ ಹೊರಬಂತು.

ಫೋನಿನಲ್ಲಿ ಡಾಕ್ಟರು ಎಷ್ಟು ಮಾತ್ರೆ, ಎಷ್ಟು ದಿನ ಎಂದು ಎರಡೆರಡು ಸಲ ಕೇಳಿದರು. ಅಪಾಯವಿಲ್ಲ, ಆದರೆ ಜಿಂಕಿನ ಲೆಕ್ಕ ನಂಬುವಂತಿಲ್ಲ, ಮೂರು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಆ ಮೂರು ವಾರವೂ ಶಾಲೆಯ ಗಂಟೆ ಹೊಡೆದಾಗಲೆಲ್ಲ ಸ್ನೇಹಲತಾಳ ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು.

ಎರಡನೆಯ ಸಲ ಸುಬ್ಬಮ್ಮನೂ ಜೊತೆಗೆ ಹೊರಟರು. ಕಾಫಿಯಿಲ್ಲದೆ ಕಣ್ಣೇ ಬಿಡದ ಮುದುಕಿ ಅಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ; ದಾರಿಯುದ್ದಕ್ಕೂ ಮೊಮ್ಮಗಳ ಮಣಿಕಟ್ಟು ಬಿಡಲಿಲ್ಲ. ಸೂಜಿ ಚುಚ್ಚುವ ಮುನ್ನ, ಯಾರೂ ಕೇಳದಿದ್ದರೂ, ಡಾಕ್ಟರ ಮೇಜಿನ ಮೇಲೆ ಉಳಿದಿದ್ದ ಮಾತ್ರೆಗಳನ್ನು ಇಟ್ಟರು.

"ನಾನೇ ಕೊಟ್ಟಿದ್ದು ಸಾ. ಇವತ್ತು ಏನೂ ಕೊಟ್ಟಿಲ್ಲ. ಕಮ್ಮಿ ಇದ್ರೆ ಕಮ್ಮಿ ಅಂತ್ಲೇ ಬರೀರಿ."