ಮಂಚದ ಕೆಳಗೆ ಮುಜೀಬ

ಕೊಪ್ಪಳದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅನುಸೂಯಾ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದಾಗ, ತಮ್ಮ ಹನಮೇಶ ಬಾಗಿಲಲ್ಲೇ ಕಾಯುತ್ತಿದ್ದ. ಮದುವೆಯ ವಿಡಿಯೊ ಮಾಡಿ ಬದುಕುವ ಅವನು ಈಗ ಥ್ರಿಲ್ಲರ್ ಸಿನಿಮಾ ಶುರು ಮಾಡಿದ್ದ. ಮೊದಲ ದೃಶ್ಯಕ್ಕೆ ಗೊತ್ತು ಮಾಡಿದ್ದ ಹುಡುಗಿ ಬಂದಿರಲಿಲ್ಲ.

"ಅಕ್ಕಾ, ನೀನ ಮಾಡಿಬಿಡು. ಬೀಗ ತೆಗಿ, ಒಳಗ ಬಾ, ಮಂಚದ ಮ್ಯಾಲ ಕುಂಡ್ರು. ಒಂದು ಮಾತಿಲ್ಲ."

"ಇದರಾಗ ಅಂಜಿಕಿ ಎಲ್ಲಿ ಬಂತೋ?"

"ಮಂಚದ ಕೆಳಗ ಮುಜೀಬ ಅಡಗಿರತಾನ. ಅದನ್ನ ಮೊದಲ ತೋರಿಸಿರತೀನಿ. ನೋಡೋರಿಗೆ ಗೊತ್ತು, ನಿನಗ ಗೊತ್ತಿಲ್ಲ. ಆಮ್ಯಾಲ ಅವನ ಕೈ ನಿನ್ನ ಕಾಲಿನ ಕಡೆ ಬರತೈತಿ."

ಮುಜೀಬ ಹನಮೇಶನ ಗೆಳೆಯ. ಸಿನಿಮಾದಲ್ಲಿ ಕೊಲೆಗಾರ.

ಮೊದಲ ಸಲ ಅನುಸೂಯಾ ಮಂಚದ ಕೆಳಗೆ ಕಣ್ಣು ಹಾಯಿಸಿಬಿಟ್ಟಳು. ಮತ್ತೊಮ್ಮೆ ಕಳ್ಳಹೆಜ್ಜೆ ಇಟ್ಟಳು.

"ನೀ ಅಂಜಬಾರದಕ್ಕಾ. ನೀ ಅಂಜಿದರ ಅವರು ಅಂಜೂದಿಲ್ಲ. ಸುಮ್ಮನ ದಣದು ಬಂದಂಗ ಬಾ."

"ದಣದ ಬಂದೀನಲ್ಲೋ ತಮ್ಮಾ," ಎಂದಳು ಅವಳು. ಸಿಟ್ಟು ಮಾಡುವ ತ್ರಾಣವೂ ಉಳಿದಿರಲಿಲ್ಲ.

ಮುಂದಿನ ಸಲ ಅವಳು ಬೀಗ ತೆಗೆದಳು, ಚೀಲ ನೆಲಕ್ಕೆ ಬಿಟ್ಟಳು, ಮಂಚದ ಮೇಲೆ ಕೂತಳು. ಕೂತವಳು ಹಾಗೆಯೇ ಗೋಡೆಗೆ ಒರಗಿದಳು. ಕಣ್ಣು ಮುಚ್ಚಿತು. ನಟನೆಯೆಂದುಕೊಂಡ ಹನಮೇಶ ಕ್ಯಾಮೆರಾ ನಿಲ್ಲಿಸಲಿಲ್ಲ. ಮಂಚದ ಕೆಳಗಿಂದ ಕೈ ಮೆಲ್ಲಗೆ ಹೊರಬಂತು, ಅವಳ ಹಿಮ್ಮಡಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಮುಟ್ಟದೆ ಹಿಂದಕ್ಕೆ ಸರಿಯಿತು. ಅನುಸೂಯಾ ಸಣ್ಣಗೆ ಗೊರಕೆ ಹೊಡೆದಾಗಲೇ ಹನಮೇಶನಿಗೆ ಅವಳು ನಿಜವಾಗಿ ಮಲಗಿದ್ದಾಳೆಂದು ತಿಳಿದದ್ದು.

ತೆವಳಿಕೊಂಡು ಹೊರಬಂದ ಮುಜೀಬ ಪಿಸುಗುಟ್ಟಿದ: "ಕಾಲು ಎಷ್ಟು ಬಾತಾವ ನೋಡೋ. ಮುಟ್ಟಾಕ ಮನಸ ಬರಲಿಲ್ಲ."

ಹನಮೇಶ ಕಿಟಕಿಯ ಪರದೆ ಎಳೆದ. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋದರು.

ಕೈ ಹಿಂದೆ ಸರಿಯುವವರೆಗಿನ ಆ ಶಾಟನ್ನು ಅವನು ಒಂದಿಷ್ಟೂ ಕತ್ತರಿಸಲಿಲ್ಲ. ಸಿನಿಮಾ ಮುಗಿದ ಮೇಲೆ ಪರಿಚಯದವರಿಗೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ತೋರಿಸಿದ. ಕೈ ಮುಟ್ಟದೆ ಹಿಂದೆ ಸರಿದಾಗ ಮಂಟಪವೇ ಉಸಿರು ಬಿಗಿಹಿಡಿಯಿತು. ಯಾಕೆ ಸರಿಯಿತು, ಇನ್ನೇನು ಮಾಡಲಿದೆ ಎಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು, "ಯವ್ವಾ, ಏಳ ಬೇ! ಎದ್ದು ಓಡು!" ಎಂದು ಕೂಗಿಯೇಬಿಟ್ಟಳು.

ಅನುಸೂಯಾ ಕೈಯನ್ನು ನೋಡಲಿಲ್ಲ. ಪರದೆಯ ಮೇಲಿನ ತನ್ನ ಮುಖವನ್ನೇ ನೋಡುತ್ತಿದ್ದಳು: ಬಾಯಿ ಅರ್ಧ ತೆರೆದಿತ್ತು, ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ತಾನು ಮಲಗಿದಾಗ ಹೇಗೆ ಕಾಣುತ್ತೇನೆಂದು ಅವಳು ಎಂದೂ ನೋಡಿರಲಿಲ್ಲ.

"ಹನಮಾ, ನಾ ಇಷ್ಟು ಸೋತೀನೇನೋ?" ಎಂದು ಕೇಳಿದಳು.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ಆಸ್ಪತ್ರೆಯಲ್ಲಿ ಅವಳು ಒಂದು ವಾರ ರಜೆ ಕೇಳಿದಳು. ಮೂರು ದಿನ ಸಿಕ್ಕಿತು. ಸಿಕ್ಕಷ್ಟೇ ಸಾಕೆಂದು ಚಿಕ್ಕಮ್ಮನ ಊರಾದ ತಾವರಗೇರಾದ ಬಸ್ಸು ಹತ್ತಿದಳು.