ಡೈರಿ ಜಗಲಿಯ ಹದಿನೈದು ಪದ

ನಾನು ಭಾನುಪ್ರಿಯ, ಪ್ರಾಯೋಗಿಕ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಹಂಗಂದ್ರೇನು ಅಂತ ಮಾತ್ರ ಕೇಳಬೇಡಿ, ಮೂರು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ. ಅರವತ್ತು ದಾಟಿದ ಒಬ್ಬೊಬ್ಬರಿಗೂ ಅದೇ ಹದಿನೈದು ಪದ ಓದಿ ಹೇಳೋದು, ಅರ್ಧ ಗಂಟೆ ಸುಮ್ಮನೆ ಕೂರಿಸೋದು, ಆಮೇಲೆ ಎಷ್ಟು ನೆನಪಿದೆ ಅಂತ ಬರ್ಕೊಳ್ಳೋದು. ಅಷ್ಟೇ. ಆ ಅರ್ಧ ಗಂಟೆ ಅವರು "ಊಟ ಆಯ್ತಾ ಮಗಾ?" ಅಂದ್ರೂ ನಾನು ತುಟಿ ಬಿಚ್ಚೋ ಹಾಗಿಲ್ಲ. ಹಾಸ್ಟೆಲಲ್ಲೂ ಅದೇ ಗತಿ, ರೂಮಲ್ಲಿ ನಾನೊಬ್ಬಳೇ. ಯಾರ ಹತ್ರಾನೂ ಮಾತಾಡದೆ ಮಲಗಿದ ದಿನಗಳು ಎಷ್ಟೋ.

ಕಬ್ಬಾಳಿನ ಹತ್ತಿರದ ಒಂದು ಹಳ್ಳಿಯಲ್ಲಿ ಇದಕ್ಕೆ ಹಾಲಿನ ಡೈರಿ ರೂಮು ಸಿಕ್ಕಿತ್ತು. ಬೆಳಗಿನ ಹಾಲು ಅಳೆದಾದ ಮೇಲೆ ದಿನಕ್ಕೆ ಇಬ್ಬರು. ನಲವತ್ತು ಜನ ಆದ್ರೆ ಈ ವರ್ಷವೇ ಥೀಸಿಸ್ ಕೊಡಬಹುದು. ಇಲ್ಲಾಂದ್ರೆ ಇನ್ನೊಂದು ವರ್ಷ ಅದೇ ಹಾಸ್ಟೆಲ್ ರೂಮು, ಅದೇ ಗೋಡೆ.

ಮೊದಮೊದಲು ಬಂದವರು ಐದಾರು ಪದ ಹೇಳಿದ್ರು. ಆಮೇಲಾಮೇಲೆ ಹತ್ತು. ಕೊನೆಕೊನೆಗೆ ಹದಿನೈದಕ್ಕೆ ಹದಿನೈದು! ಮೊಮ್ಮಕ್ಕಳ ಹೆಸರಿಗೇ ತಡಕಾಡೋ ರಾಮಲಿಂಗಯ್ಯನೋರು ಕೂಡ ಪಟಪಟ ಅಂತ ಒಪ್ಪಿಸಿಬಿಟ್ರು. ನಾನೋ ಶುದ್ಧ ಪೆದ್ದಿ, ಖುಷಿಪಟ್ಟೆ.

ಇನ್ನೊಬ್ಬರೇ ಬಾಕಿ. ಅವತ್ತು ಬೇಗ ಹೋದೆ. ಡೈರಿ ಜಗಲಿ ಮೇಲೆ ಮುದುಕಿಯರ ಗುಂಪು, ಸೋಬಾನೆ ಧಾಟೀಲಿ ಹಾಡ್ತಿದ್ರು: "ಬೀಗ, ಗಿಣಿ, ಸೌತೆಕಾಯಿ, ಏಣಿ..." ನನ್ನ ಪದಗಳು! ಮೊಟ್ಟಮೊದಲು ಬಂದಿದ್ದ ಚಿನ್ನಮ್ಮಜ್ಜಿ ಹೇಳಿಕೊಡ್ತಿದ್ಲು, ನಲವತ್ತನೆಯವಳಾಗಬೇಕಿದ್ದ ವೆಂಕಟಲಕ್ಷ್ಮಮ್ಮ ಕಲೀತಿದ್ಲು.

"ಅಯ್ಯೋ, ಏನಜ್ಜಿ ಇದು!" ಅಂತ ಕಿರುಚಿಬಿಟ್ಟೆ.

"ನಿನ್ ಪರೀಕ್ಷೆ ಅಲ್ವೇನವ್ವ?" ಅಂದ್ಲು ಚಿನ್ನಮ್ಮಜ್ಜಿ. "ಅವತ್ತು ನಾನು ಆರೇ ಹೇಳ್ದೆ. ನೀನು ಮಾತೂ ಆಡ್ದೆ ಸಪ್ಪಗೆ ಬರ್ಕೊಂಡೆ. ನಮ್ಮಿಂದ ಮಗ ಫೇಲಾಗ್ಬುಟ್ಟಾತು ಅಂತ ಬಂದೋರ ನೆಪ್ಪಲ್ಲಿ ಉಳ್ದಿದ್ದೆಲ್ಲ ಕೂಡಿಸಿ ಎಲ್ಲಾರ್ಗೂ ಕಲಿಸ್ತಾ ಇವ್ನಿ. ಒಬ್ಳೇ ಬತ್ತೀಯ, ಒಬ್ಳೇ ಹೋಯ್ತೀಯ. ನಿಂಗೂ ಅಂತ ಯಾರಾರ ಇರ್ಬೇಡ್ವಾ?"

ಬೈಯೋಕೆ ಬಾಯಿ ತೆಗೆದೆ, ಅಳು ಬಂತು.

"ಪಾಸಾದ್ಯಾ?"

"ಪಾಸಾದೆ ಅಜ್ಜಿ."

ಜಗಲಿ ಮೇಲಿದ್ದವರೆಲ್ಲ ನನ್ನ ಕೆನ್ನೆ ಸವರಿ ನೆಟಿಕೆ ಮುರಿದ್ರು.

ಕನಕಪುರದಲ್ಲಿ ಬೆಂಗಳೂರು ಬಸ್ಸು ಹತ್ತಿ ಗೈಡ್‌ಗೆ ಫೋನ್ ಮಾಡಿ ನಿಜ ಹೇಳಿದೆ. "ಅಷ್ಟೂ ತೆಗೆದುಹಾಕು. ಬೇರೆ ಊರು ನೋಡ್ಕೋ," ಅಂದು ಇಟ್ಟುಬಿಟ್ರು.

ನಾನು ಪಾಸಾಗಲಿ ಅಂತ ಹುಟ್ಟಿದಾಗಿನಿಂದ ಯಾರೂ ಹೀಗೆ ಕೂತು ಓದಿರಲಿಲ್ಲ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಒಬ್ಬೊಬ್ಬರನ್ನೇ ಅಳಿಸಿದೆ. ಮೂವತ್ತೊಂಬತ್ತು ಜನ ಇದ್ರು ನನಗೆ. ಹಾರೋಹಳ್ಳಿ ಬರೋಷ್ಟರಲ್ಲಿ ಒಬ್ಬರೂ ಉಳಿದಿರಲಿಲ್ಲ.